ಒಂದೇ ಹೊಗೆ, ಹಲವು ಬಗೆಯ ಉಬ್ಬಸ

ತಂಬಾಕಿನ ಹೊಗೆಯಿಂದ ಅಸ್ತಮಾ ಉಲ್ಬಣಿಸುತ್ತದೆ ಎಂಬುದು ವೈದ್ಯರಿಗೂ ರೋಗಿಗಳಿಗೂ ಹಳೆಯ ತಿಳಿವಳಿಕೆ. ಆದರೆ ಒಂದೇ ಮನೆಯಲ್ಲಿ ಒಂದೇ ಹೊಗೆಯನ್ನು ಉಸಿರಾಡಿ ಬೆಳೆದ ಇಬ್ಬರು ಮಕ್ಕಳಲ್ಲಿ ಒಬ್ಬರಿಗೆ ಮಾತ್ರ ಉಬ್ಬಸ ಅಂಟಿಕೊಳ್ಳುವುದೇಕೆ, ಅಸ್ತಮಾ ಇದ್ದೂ ಸಿಗರೇಟು ಸೇದುವ ಇಬ್ಬರಲ್ಲಿ ಒಬ್ಬರ ಶ್ವಾಸಕೋಶ ಬೇಗ ಸೋತು ಇನ್ನೊಬ್ಬರದು ತಾಳಿಕೊಳ್ಳುವುದೇಕೆ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವ ಸಾಧನಗಳು ದೊರೆತದ್ದು ಕಳೆದ ಕಾಲು ಶತಮಾನದಲ್ಲಿ ಮಾತ್ರ. ವ್ಯಕ್ತಿಯಿಂದ ವ್ಯಕ್ತಿಗೆ ಇರುವ ವಂಶವಾಹಿಗಳ ಸಣ್ಣಪುಟ್ಟ ವ್ಯತ್ಯಾಸಗಳನ್ನು ಸಾವಿರಾರು ಜನರಲ್ಲಿ ಒಟ್ಟಿಗೆ ಓದುವುದು ಸಾಧ್ಯವಾದ ಮೇಲೆ, ಹೊಗೆ ಮತ್ತು ಹುಟ್ಟುಗುಣ ಇವೆರಡೂ ಬೇರೆಬೇರೆಯಾಗಿ ಕೆಲಸ ಮಾಡುವುದಿಲ್ಲ, ಒಂದರ ಪರಿಣಾಮ ಮತ್ತೊಂದನ್ನು ಅವಲಂಬಿಸಿರುತ್ತದೆ ಎಂಬ ಅರಿವು ಮೂಡಿದೆ. ಈ ಅರಿವು ಧೂಮಪಾನಿಗಳಿಗೆ ನೆಮ್ಮದಿ ತರುವಂಥದಲ್ಲ. ಆದರೆ ಅದು ಹೇಳುವ ಸಂಗತಿ ಸಾಮಾನ್ಯವಾಗಿ ಊಹಿಸುವುದಕ್ಕಿಂತ ಭಿನ್ನವಾಗಿದೆ.

ಅಸ್ತಮಾ ಎಂದರೆ ಶ್ವಾಸನಾಳಗಳ ಒಳಪದರದಲ್ಲಿ ದೀರ್ಘಕಾಲ ಉಳಿಯುವ ಉರಿಯೂತ. ಆ ಉರಿಯೂತದಿಂದಾಗಿ ನಾಳಗಳು ಅತಿಸೂಕ್ಷ್ಮವಾಗಿ, ಧೂಳು, ಪರಾಗ, ನೆಗಡಿಯ ವೈರಾಣು ಅಥವಾ ಹೊಗೆ ತಾಗಿದೊಡನೆ ಸುತ್ತಲಿನ ಸ್ನಾಯು ಬಿಗಿದು, ಒಳಗೆ ಕಫ ತುಂಬಿ, ಉಸಿರು ಸಿಳ್ಳೆಯಂತೆ ಸದ್ದು ಮಾಡುತ್ತದೆ. ಇದು ಕುಟುಂಬಗಳಲ್ಲಿ ಹರಿದು ಬರುವ ರೋಗವೆಂಬುದು ಬಹು ಹಿಂದೆಯೇ ಗೊತ್ತಿತ್ತು. ಸ್ವೀಡನ್ನಿನ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಅವಳಿ ಮಕ್ಕಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವು ಬಾಲ್ಯದ ಅಸ್ತಮಾದ ಆನುವಂಶಿಕತೆಯನ್ನು ಶೇ. 82 ಎಂದು ಲೆಕ್ಕಹಾಕಿತು. ಈ ಅಂಕಿಯನ್ನು ಓದುವಾಗ ಎಚ್ಚರ ಬೇಕು: ನೂರು ರೋಗಿಗಳಲ್ಲಿ ಎಂಬತ್ತೆರಡು ಮಂದಿಗೆ ರೋಗ ವಂಶದಿಂದ ಬಂತು ಎಂದಾಗಲಿ, ಒಬ್ಬ ರೋಗಿಯ ಕಾಯಿಲೆಯಲ್ಲಿ ವಂಶದ ಪಾಲು ಇಷ್ಟು ಎಂದಾಗಲಿ ಇದರ ಅರ್ಥವಲ್ಲ. ಒಂದು ನಿರ್ದಿಷ್ಟ ಜನಸಮುದಾಯದಲ್ಲಿ, ನಿರ್ದಿಷ್ಟ ಪರಿಸರದಲ್ಲಿ, ರೋಗಕ್ಕೆ ಈಡಾಗುವ ಸಾಧ್ಯತೆಯಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸಕ್ಕೆ ವಂಶವಾಹಿಗಳ ಭೇದ ಎಷ್ಟರಮಟ್ಟಿಗೆ ಕಾರಣ ಎಂಬುದನ್ನಷ್ಟೇ ಅದು ಸೂಚಿಸುತ್ತದೆ. ವಂಶವಾಹಿ ಮತ್ತು ಪರಿಸರ ಕೂಡಿ ನಡೆಸುವ ಕೆಲಸವೂ ಬಹುಮಟ್ಟಿಗೆ ಈ ಲೆಕ್ಕದೊಳಗೇ ಸೇರಿಹೋಗುತ್ತದೆ. ಹೊಗೆ ತುಂಬಿದ ಕೋಣೆಯಲ್ಲಿ ಬೆಳೆದ ಅವಳಿಗಳು ವಂಶವಾಹಿಗಳ ಜೊತೆಗೆ ಆ ಗಾಳಿಯನ್ನೂ ಹಂಚಿಕೊಂಡಿರುತ್ತಾರೆ.

ಹೊಗೆಯೊಡನೆ ವ್ಯವಹರಿಸುವ ವಂಶವಾಹಿಗಳಲ್ಲಿ ಮೊದಲಿಗೆ ಸಂಶೋಧಕರ ಗಮನ ಸೆಳೆದದ್ದು ದೇಹದ ಶುದ್ಧೀಕರಣದ ಕೆಲಸಕ್ಕೆ ಸಂಬಂಧಿಸಿದವು. ತಂಬಾಕಿನ ಹೊಗೆಯಲ್ಲಿ ಏಳು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳಿದ್ದು, ಅವುಗಳಲ್ಲಿ ಹಲವು ಜೀವಕೋಶದ ಕೊಬ್ಬು, ಪ್ರೋಟೀನು ಮತ್ತು ಡಿಎನ್‌ಎಗಳನ್ನು ಉತ್ಕರ್ಷಿಸಿ ಕೆಡಿಸುವಂಥವು. ಇವುಗಳಿಗೆ ಗ್ಲುಟಾಥಯೋನ್ ಎಂಬ ಸಣ್ಣ ಅಣುವನ್ನು ಜೋಡಿಸಿ, ನೀರಿನಲ್ಲಿ ಕರಗುವಂತೆ ಮಾಡಿ ಹೊರಹಾಕುವ ಕಿಣ್ವಗಳ ಒಂದು ಕುಟುಂಬವೇ ಮನುಷ್ಯದೇಹದಲ್ಲಿದೆ. ಅವುಗಳಲ್ಲಿ ಒಂದನ್ನು ತಯಾರಿಸುವ ಸೂಚನೆ ಜಿಎಸ್‌ಟಿಎಂ1 ಎಂಬ ವಂಶವಾಹಿಯಲ್ಲಿದ್ದು, ವಿಚಿತ್ರವೆಂದರೆ ಯೂರೋಪು ಮೂಲದ ಜನರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಗೆ ತಂದೆಯಿಂದಲೂ ತಾಯಿಯಿಂದಲೂ ಈ ವಂಶವಾಹಿ ಬಂದಿರುವುದೇ ಇಲ್ಲ. ಆ ಭಾಗ ಡಿಎನ್‌ಎಯಿಂದ ಪೂರ್ತಿಯಾಗಿ ಅಳಿಸಿಹೋಗಿದೆ. ಭಾರತದ ಅನೇಕ ಸಮುದಾಯಗಳಲ್ಲಿ ಈ ಪ್ರಮಾಣ ಅದಕ್ಕಿಂತ ಕಡಿಮೆ. ಈ ಕಿಣ್ವ ಇಲ್ಲದವರು ಆರೋಗ್ಯವಾಗಿಯೇ ಬಾಳುತ್ತಾರೆ, ಏಕೆಂದರೆ ಅದೇ ಕುಟುಂಬದ ಇತರ ಕಿಣ್ವಗಳು ಆ ಹೊಣೆಯನ್ನು ಹೊತ್ತುಕೊಳ್ಳುತ್ತವೆ. ಕೊರತೆ ಬಯಲಾಗುವುದು ವಿಷದ ಹೊರೆ ಮಿತಿ ಮೀರಿದಾಗ.

ದಕ್ಷಿಣ ಕ್ಯಾಲಿಫೋರ್ನಿಯಾದ 12 ಊರುಗಳ ಶಾಲಾಮಕ್ಕಳನ್ನು ವರ್ಷಗಳ ಕಾಲ ಹಿಂಬಾಲಿಸಿದ ಅಧ್ಯಯನವೊಂದರಲ್ಲಿ ಫ್ರಾಂಕ್ ಗಿಲಿಲ್ಯಾಂಡ್ ಮತ್ತು ಸಂಗಡಿಗರು 2002ರಲ್ಲಿ ಇದನ್ನೇ ಪರೀಕ್ಷಿಸಿದರು. ತಾಯಿ ಗರ್ಭಿಣಿಯಾಗಿದ್ದಾಗ ಸಿಗರೇಟು ಸೇದಿದ್ದರೆ, ಜಿಎಸ್‌ಟಿಎಂ1 ಇಲ್ಲದ ಮಕ್ಕಳಲ್ಲಿ ಅಸ್ತಮಾ ಮತ್ತು ಉಬ್ಬಸದ ಪ್ರಮಾಣ ಹೆಚ್ಚಾಗಿತ್ತು; ಆ ವಂಶವಾಹಿ ಇದ್ದ ಮಕ್ಕಳಲ್ಲಿ ಅಂಥ ಏರಿಕೆ ಕಾಣಲಿಲ್ಲ. ಎರಡು ವರ್ಷಗಳ ಬಳಿಕ ಮ್ಯೂನಿಕ್ ಮತ್ತು ಡ್ರೆಸ್ಡೆನ್ ನಗರಗಳ ಮಕ್ಕಳನ್ನು ಕುರಿತ ಜರ್ಮನ್ ಅಧ್ಯಯನವೂ ಮನೆಯೊಳಗಿನ ಸಿಗರೇಟು ಹೊಗೆ ಮತ್ತು ಇದೇ ಕಿಣ್ವದ ಕೊರತೆ ಕೂಡಿದಾಗ ಅಪಾಯ ಹೆಚ್ಚುವುದನ್ನು ತೋರಿಸಿತು. ಇಲ್ಲಿ ಗಮನಿಸಬೇಕಾದದ್ದು ಹೊಗೆ ಸೇದಿದವರು ಯಾರು, ಅದರ ಪರಿಣಾಮ ಉಂಡವರು ಯಾರು ಎಂಬುದು. ಸೇದಿದ್ದು ತಾಯಿ, ಕಿಣ್ವವಿಲ್ಲದೆ ಹೋದದ್ದು, ಉಬ್ಬಸ ಬಂದದ್ದು ಮಗುವಿಗೆ. ಇಂಥ ಸಂಶೋಧನೆಯ ಬಹುಪಾಲು ಮಕ್ಕಳನ್ನು ಕುರಿತೇ ನಡೆದಿರುವುದು ಆಕಸ್ಮಿಕವಲ್ಲ, ಏಕೆಂದರೆ ಶ್ವಾಸಕೋಶ ರೂಪುಗೊಳ್ಳುವ ಕಾಲದಲ್ಲಿ ತಾಗಿದ ಹೊಗೆ ಬಿಡುವ ಗುರುತು ಮುಂದಿನ ಯಾವ ಹಂತಕ್ಕಿಂತಲೂ ಆಳವಾದುದು.

ಆ ಹೊತ್ತಿನ ಅಧ್ಯಯನಗಳಿಗೆಲ್ಲ ಒಂದು ಮಿತಿಯಿತ್ತು. ಯಾವ ವಂಶವಾಹಿ ಮುಖ್ಯವಾಗಿರಬಹುದೆಂದು ಮೊದಲೇ ಊಹಿಸಿ, ಅದೊಂದನ್ನೇ ಪರೀಕ್ಷಿಸುತ್ತಿದ್ದುದರಿಂದ, ಊಹೆಗೆ ನಿಲುಕದ್ದು ಕಣ್ಣಿಗೆ ಬೀಳುವಂತಿರಲಿಲ್ಲ. ಇಡೀ ಡಿಎನ್‌ಎಯ ಉದ್ದಕ್ಕೂ ಲಕ್ಷಗಟ್ಟಲೆ ಒಂದಕ್ಷರ ಭೇದಗಳನ್ನು, ಅಂದರೆ ಒಬ್ಬರಲ್ಲಿ ಒಂದು ರಾಸಾಯನಿಕ ಅಕ್ಷರವಿದ್ದ ಜಾಗದಲ್ಲಿ ಮತ್ತೊಬ್ಬರಲ್ಲಿ ಬೇರೆ ಅಕ್ಷರವಿರುವ ತಾಣಗಳನ್ನು, ರೋಗಿಗಳಲ್ಲಿ ಮತ್ತು ಆರೋಗ್ಯವಂತರಲ್ಲಿ ಹೋಲಿಸಿ ನೋಡುವ ವಿಧಾನ ಬಂದ ಮೇಲೆ ಚಿತ್ರ ಬದಲಾಯಿತು. 2007ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಮಿರಿಯಂ ಮೊಫಾಟ್, ವಿಲಿಯಂ ಕುಕ್ಸನ್ ಮತ್ತು ಅವರ ಸಹೋದ್ಯೋಗಿಗಳು ಬಾಲ್ಯದಲ್ಲಿ ಅಸ್ತಮಾ ಬಂದ 994 ರೋಗಿಗಳನ್ನು ಮತ್ತು ಅಸ್ತಮಾ ಇಲ್ಲದ 1,243 ಜನರನ್ನು ಹೀಗೆ ಹೋಲಿಸಿ, ಹದಿನೇಳನೆಯ ವರ್ಣತಂತುವಿನ 17ಕ್ಯೂ21 ಎಂಬ ಭಾಗದಲ್ಲಿ ರೋಗದೊಡನೆ ಗಟ್ಟಿಯಾದ ಸಂಬಂಧವನ್ನು ಕಂಡರು. ಅಲ್ಲಿಯವರೆಗೆ ಅಸ್ತಮಾದ ಸಂದರ್ಭದಲ್ಲಿ ಯಾರೂ ಹೆಸರಿಸದಿದ್ದ ಒಆರ್‌ಎಂಡಿಎಲ್3 ಮತ್ತು ಜಿಎಸ್‌ಡಿಎಂಬಿ ಎಂಬ ಎರಡು ವಂಶವಾಹಿಗಳು ಆ ಭಾಗದಲ್ಲಿವೆ. ಮೊದಲನೆಯದು ಜೀವಕೋಶದ ಪೊರೆಯಲ್ಲಿರುವ ಸ್ಫಿಂಗೋಲಿಪಿಡ್ ಎಂಬ ಕೊಬ್ಬಿನ ತಯಾರಿಕೆಯನ್ನು ಹತೋಟಿಯಲ್ಲಿಡುತ್ತದೆ. ಎರಡನೆಯದು ತಯಾರಿಸುವ ಗ್ಯಾಸ್ಡರ್ಮಿನ್ ಬಿ ಎಂಬ ಪ್ರೋಟೀನು, ಪ್ರಚೋದನೆ ದೊರೆತಾಗ ಶ್ವಾಸನಾಳದ ಒಳಪದರದ ಕೋಶಗಳ ಪೊರೆಗೆ ರಂಧ್ರ ಕೊರೆದು ಅವು ಉರಿಯೂತವನ್ನು ಕೆರಳಿಸುತ್ತಲೇ ಒಡೆದು ಸಾಯುವಂತೆ ಮಾಡುತ್ತದೆ.

ಹೊಗೆಯ ಪ್ರಶ್ನೆ ಇಲ್ಲಿಗೆ ಬಂದು ಸೇರಿದ್ದು ಮರುವರ್ಷವೇ. ಫ್ರಾನ್ಸಿನಲ್ಲಿ ಅಸ್ತಮಾದ ಆನುವಂಶಿಕತೆ ಮತ್ತು ಪರಿಸರಗಳೆರಡನ್ನೂ ಒಟ್ಟಿಗೆ ಅಧ್ಯಯನ ಮಾಡಲೆಂದೇ ರೂಪಿಸಿದ ಯೋಜನೆಯೊಂದರ 372 ಕುಟುಂಬಗಳ 1,511 ಜನರ ಮಾಹಿತಿಯನ್ನು ಇಟ್ಟುಕೊಂಡು, ಎಮ್ಯಾನುಯೆಲ್ ಬುಜಿಗೋನ್, ಫ್ಲಾರೆನ್ಸ್ ದೆಮೆನೆ ಮತ್ತಿತರರು 17ಕ್ಯೂ21ರ ಭೇದಗಳನ್ನು ರೋಗ ಆರಂಭವಾದ ವಯಸ್ಸಿನೊಡನೆ ಹೊಂದಿಸಿ ನೋಡಿದರು. ನಾಲ್ಕು ವರ್ಷ ತುಂಬುವ ಆಸುಪಾಸಿನೊಳಗೆ ಅಸ್ತಮಾ ಬಂದವರಲ್ಲಿ ಈ ಭೇದಗಳ ಪ್ರಭಾವ ಸ್ಪಷ್ಟವಾಗಿತ್ತು. ತಡವಾಗಿ ಬಂದವರಲ್ಲಿ ಅದು ಇಲ್ಲವೆಂಬಷ್ಟು ಕ್ಷೀಣವಾಗಿತ್ತು. ಬೇಗ ರೋಗ ಬಂದವರನ್ನೇ ಮತ್ತೆ ವಿಂಗಡಿಸಿ, ಎಳವೆಯಲ್ಲಿ ತಂದೆತಾಯಿಗಳ ಸಿಗರೇಟು ಹೊಗೆಗೆ ಒಡ್ಡಿಕೊಂಡಿದ್ದವರನ್ನು ಬೇರೆಯಾಗಿ ನೋಡಿದಾಗ, ಆ ಗುಂಪಿನಲ್ಲಿ ಅಪಾಯ ಇನ್ನೂ ಮೇಲಕ್ಕೇರಿತು. ಅಂದರೆ 17ಕ್ಯೂ21ರ ಭೇದವು ಅಸ್ತಮಾವನ್ನು ತಾನೇ ತಂದುಹಾಕುವುದಕ್ಕಿಂತ ಹೆಚ್ಚಾಗಿ, ಎಳೆಯ ಶ್ವಾಸಕೋಶಕ್ಕೆ ಹೊಗೆ ತಾಗಿದಾಗ ಅದು ಹೇಗೆ ಪ್ರತಿಕ್ರಿಯಿಸಬೇಕೆಂಬುದನ್ನು ನಿರ್ಧರಿಸುತ್ತದೆ ಎಂಬ ಅರ್ಥ ಹೊರಡುತ್ತದೆ. ನಂತರದ ಕೆಲವು ಅಧ್ಯಯನಗಳಲ್ಲಿ ಈ ಫಲಿತಾಂಶಕ್ಕೆ ಬೆಂಬಲ ಸಿಕ್ಕಿದೆ, ಕೆಲವುಗಳಲ್ಲಿ ಅಷ್ಟು ಸ್ಪಷ್ಟವಾಗಿ ಸಿಕ್ಕಿಲ್ಲ. ಆದರೆ ಬಾಲ್ಯದ ಅಸ್ತಮಾಕ್ಕೂ ಈ ಭಾಗಕ್ಕೂ ಇರುವ ನಂಟನ್ನು ಮಾತ್ರ ಈಗ ಯಾರೂ ಪ್ರಶ್ನಿಸುವುದಿಲ್ಲ.

ಅಪಾಯ ತರುವ ಈ ರೂಪವನ್ನು ‘ಕೆಟ್ಟ ವಂಶವಾಹಿ’ ಎಂದು ಕರೆದುಬಿಡುವ ಆತುರ ಸಹಜ. ಅದು ತಪ್ಪೆಂದು ತೋರಿಸಿದ ಎರಡು ಸಂಗತಿಗಳಿವೆ. ಮೊದಲನೆಯದಾಗಿ, ಯೂರೋಪು ಮೂಲದ ಜನರಲ್ಲಿ ಸುಮಾರು ಅರ್ಧದಷ್ಟು ವರ್ಣತಂತುಗಳಲ್ಲಿ ಈ ರೂಪವೇ ಇದೆ. ಇಷ್ಟು ವ್ಯಾಪಕವಾದದ್ದನ್ನು ದೋಷವೆನ್ನುವುದಕ್ಕಿಂತ ಸಾಮಾನ್ಯ ವೈವಿಧ್ಯವೆನ್ನುವುದೇ ಸರಿ. ಎರಡನೆಯದು ಇನ್ನೂ ಸ್ವಾರಸ್ಯಕರ. ಆಸ್ಟ್ರಿಯಾ, ಜರ್ಮನಿ, ಸ್ವಿಟ್ಜರ್ಲೆಂಡ್, ಫ್ರಾನ್ಸ್ ಮತ್ತು ಫಿನ್‌ಲ್ಯಾಂಡಿನ ಹಳ್ಳಿಗಾಡಿನಲ್ಲಿ ಹುಟ್ಟಿದ ಮಕ್ಕಳನ್ನು ಮೊದಲ ವರ್ಷದಲ್ಲಿ ವಾರವಾರವೂ ಗಮನಿಸಿದ ಅಧ್ಯಯನವು 2016ರಲ್ಲಿ ವರದಿ ಮಾಡಿದಂತೆ, ದನದ ಕೊಟ್ಟಿಗೆಯ ಒಡನಾಟವಿದ್ದ ಮಕ್ಕಳಿಗೆ ಉಬ್ಬಸ ಕಡಿಮೆಯಿತ್ತು, ಮತ್ತು ಆ ರಕ್ಷಣೆ ದೊರೆತದ್ದು ಇದೇ 17ಕ್ಯೂ21ರ ಅಪಾಯಕಾರಿ ರೂಪವನ್ನು ಹೊತ್ತ ಮಕ್ಕಳಿಗೆ. ಸಿಗರೇಟಿನ ಹೊಗೆ ಸಿಕ್ಕಿದರೆ ಹೆಚ್ಚು ಕೆಡುವ, ಕೊಟ್ಟಿಗೆಯ ಸೂಕ್ಷ್ಮಜೀವಿಗಳು ಸಿಕ್ಕಿದರೆ ಹೆಚ್ಚು ಸುಧಾರಿಸುವ ಈ ಗುಣಕ್ಕೆ ಸಂವೇದನಶೀಲತೆ ಎಂಬ ಹೆಸರೇ ಒಪ್ಪುತ್ತದೆ. ಪರಿಸರ ಕೊಟ್ಟದ್ದನ್ನು, ಅದು ಒಳಿತಾಗಲಿ ಕೆಡುಕಾಗಲಿ, ಇತರರಿಗಿಂತ ದೊಡ್ಡದು ಮಾಡಿ ಗ್ರಹಿಸುವ ಶ್ವಾಸನಾಳ ಅದು. ಕೊಟ್ಟಿಗೆಯ ಈ ಉದಾಹರಣೆಯನ್ನು ಕಂಡು ಮಗುವನ್ನು ಸಗಣಿಯ ಬಳಿ ಕೂರಿಸಬೇಕೆಂದು ಯಾರೂ ಹೇಳುತ್ತಿಲ್ಲ; ಆದರೆ ಅದೇ ವಂಶವಾಹಿಯ ಪಾಡು ಊರಿಂದೂರಿಗೆ ಬೇರೆಯಾಗುತ್ತದೆ ಎಂಬುದು ತಳಿವಿಜ್ಞಾನದ ಪುಸ್ತಕಗಳಲ್ಲಿ ಇನ್ನಷ್ಟು ಪ್ರಮುಖ ಸ್ಥಾನ ಪಡೆಯಬೇಕಾದ ವಿಷಯ.

ನೆಗಡಿಯ ವೈರಾಣುವಿನ ಪಾತ್ರವನ್ನೂ ಇಲ್ಲಿ ಸೇರಿಸಿಕೊಳ್ಳಬೇಕು. ಅಮೆರಿಕದ ವಿಸ್ಕಾನ್ಸಿನ್ ಮತ್ತು ಡೆನ್ಮಾರ್ಕಿನ ಕೋಪನ್‌ಹೇಗನ್ ಮಕ್ಕಳನ್ನು ಹುಟ್ಟಿನಿಂದ ಗಮನಿಸಿದ ಎರಡು ಅಧ್ಯಯನಗಳ ಆಧಾರದಿಂದ 2013ರಲ್ಲಿ ಪ್ರಕಟವಾದ ಬರಹವು, ಎಳವೆಯಲ್ಲಿ ರೈನೋವೈರಸ್ ಸೋಂಕಿನಿಂದ ಉಬ್ಬಸ ಬಂದಿದ್ದ ಮಕ್ಕಳಲ್ಲಿ 17ಕ್ಯೂ21ರ ಭೇದಗಳಿಗೂ ಮುಂದಿನ ಅಸ್ತಮಾಕ್ಕೂ ಸಂಬಂಧವಿದೆಯೆಂದು ತೋರಿಸಿತು. ಹೊಗೆಯು ಶ್ವಾಸನಾಳದ ಒಳಪದರವನ್ನು ಸವೆಸಿ, ಅಲ್ಲಿನ ಸೂಕ್ಷ್ಮ ರೋಮಗಳ ಚಲನೆಯನ್ನು ಕುಂದಿಸಿ, ವೈರಾಣುವಿನ ವಿರುದ್ಧದ ಮೊದಲ ತಡೆಯನ್ನು ದುರ್ಬಲಗೊಳಿಸುವುದರಿಂದ, ಹೊಗೆ, ವೈರಾಣು, ವಂಶವಾಹಿ ಮೂರೂ ಒಂದೇ ಒಳಪದರದಲ್ಲಿ ಸಂಧಿಸುತ್ತವೆ ಎಂದು ಭಾವಿಸಲು ಸಾಕಷ್ಟು ಆಧಾರವಿದೆ.

ಹೊಗೆಯ ಪ್ರಭಾವ ಮಗು ಹುಟ್ಟುವುದಕ್ಕೆ ಮುನ್ನವೇ ಆರಂಭವಾಗುತ್ತದೆ ಎಂಬುದಕ್ಕೆ ಮತ್ತೊಂದು ಬಗೆಯ ಸಾಕ್ಷ್ಯ ಹೊಕ್ಕುಳಬಳ್ಳಿಯ ರಕ್ತದಲ್ಲಿ ದೊರೆತಿದೆ. ಡಿಎನ್‌ಎಯ ಅಕ್ಷರಗಳು ಬದಲಾಗದೆ, ಅವುಗಳ ಮೇಲೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಕೂಡುವುದರಿಂದ ಅಥವಾ ಕಳಚುವುದರಿಂದ ವಂಶವಾಹಿಯ ಚಟುವಟಿಕೆ ಏರುಪೇರಾಗುತ್ತದೆ. ನಾರ್ವೆಯ ತಾಯಿ-ಮಗು ಅಧ್ಯಯನದಲ್ಲಿ, ಗರ್ಭಿಣಿಯರ ರಕ್ತದಲ್ಲಿ ನಿಕೋಟಿನ್ ಒಡೆದು ಉಂಟಾಗುವ ಕೋಟಿನೀನ್ ಎಂಬ ವಸ್ತುವಿನ ಪ್ರಮಾಣವನ್ನು ಅಳೆದು, ನವಜಾತ ಶಿಶುಗಳ ಡಿಎನ್‌ಎಯೊಂದಿಗೆ ಹೋಲಿಸಿದಾಗ, ಹತ್ತು ವಂಶವಾಹಿಗಳಿಗೆ ಸೇರಿದ 26 ತಾಣಗಳಲ್ಲಿ ಇಂಥ ಗುರುತುಗಳು ಬದಲಾಗಿದ್ದುದು 2012ರಲ್ಲಿ ಬೆಳಕಿಗೆ ಬಂತು. ಅವುಗಳಲ್ಲಿ ಎಎಚ್‌ಆರ್‌ಆರ್ ಎಂಬ ವಂಶವಾಹಿ ಎದ್ದು ಕಾಣುವಂಥದು. ಹೊಗೆಯಲ್ಲಿನ ಆರೊಮ್ಯಾಟಿಕ್ ಹೈಡ್ರೋಕಾರ್ಬನ್‌ಗಳನ್ನು ಗುರುತಿಸಿ ಅವುಗಳನ್ನು ಒಡೆಯುವ ಕಿಣ್ವಗಳನ್ನು ಎಬ್ಬಿಸುವ ಗ್ರಾಹಕಕ್ಕೆ ಕಡಿವಾಣ ಹಾಕುವುದೇ ಅದರ ಕೆಲಸ. ಬೀಡಿಯನ್ನಾಗಲಿ ಸಿಗರೇಟನ್ನಾಗಲಿ ತುಟಿಗೆ ಸೋಕಿಸದ, ಇನ್ನೂ ಕಣ್ಣು ಬಿಡದ ಶಿಶುವಿನ ರಕ್ತದಲ್ಲಿ ವಯಸ್ಕ ಧೂಮಪಾನಿಯ ರಕ್ತದಲ್ಲಿರುವ ಗುರುತೇ ಕಾಣುತ್ತದೆ ಎಂಬುದು ಪರೋಕ್ಷ ಧೂಮಪಾನದ ವಿಚಾರದಲ್ಲಿ ಬೇರೆ ವಾದಗಳಿಗೆ ಹೆಚ್ಚು ಎಡೆ ಉಳಿಸುವುದಿಲ್ಲ.

ತಾಯಿಯ ವಂಶವಾಹಿಯೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ಒರೆಗನ್ ಮೂಲದ ಸಂಶೋಧಕರು, ಎಷ್ಟು ಹೇಳಿದರೂ ಸಿಗರೇಟು ಬಿಡಲಾಗದ ಗರ್ಭಿಣಿಯರಿಗೆ ದಿನಕ್ಕೆ 500 ಮಿಲಿಗ್ರಾಂ ವಿಟಮಿನ್ ಸಿ ಕೊಟ್ಟು ನಡೆಸಿದ ಪ್ರಯೋಗದ ಫಲಿತಾಂಶ 2014ರಲ್ಲಿ ಬಂತು. ವಿಟಮಿನ್ ಪಡೆದ ತಾಯಂದಿರ ಶಿಶುಗಳ ಉಸಿರಾಟದ ಸಾಮರ್ಥ್ಯ ಉತ್ತಮವಾಗಿತ್ತು. ಮೊದಲ ವರ್ಷದಲ್ಲಿ ಉಬ್ಬಸ ಕಂಡುಬಂದದ್ದು ಅವರಲ್ಲಿ ಶೇ. 21 ಮಂದಿಗಾದರೆ, ಹುಸಿಮಾತ್ರೆ ಪಡೆದವರ ಮಕ್ಕಳಲ್ಲಿ ಶೇ. 40. ಅದೇ ಪ್ರಯೋಗದಲ್ಲಿ, ನಿಕೋಟಿನ್ ಬಂದು ಅಂಟಿಕೊಳ್ಳುವ ಗ್ರಾಹಕದ ಒಂದು ಭಾಗವನ್ನು ರೂಪಿಸುವ ಸಿಎಚ್‌ಆರ್‌ಎನ್‌ಎ5 ವಂಶವಾಹಿಯ ಒಂದು ನಿರ್ದಿಷ್ಟ ರೂಪವನ್ನು ತಾಯಿ ಹೊಂದಿದ್ದರೆ ಶಿಶುವಿನ ಶ್ವಾಸಕೋಶಕ್ಕೆ ಹೆಚ್ಚು ಹಾನಿಯಾಗುವ ಸೂಚನೆಯೂ ಸಿಕ್ಕಿತು. ವಿಟಮಿನ್ ಸಿ ಧೂಮಪಾನಕ್ಕೆ ಪ್ರಾಯಶ್ಚಿತ್ತವೆಂದು ತಿಳಿಯಬಾರದು; ಬಿಡುವುದೇ ಮೊದಲ ಚಿಕಿತ್ಸೆಯೆಂದು ಆ ಸಂಶೋಧಕರೇ ಒತ್ತಿ ಹೇಳಿದ್ದಾರೆ.

ಇದೇ ಸಿಎಚ್‌ಆರ್‌ಎನ್‌ಎ ಗುಂಪಿನ ವಂಶವಾಹಿಗಳಿರುವ ಹದಿನೈದನೆಯ ವರ್ಣತಂತುವಿನ ಭಾಗಕ್ಕೆ ಮತ್ತೊಂದು ಖ್ಯಾತಿಯಿದೆ. ಇಲ್ಲಿನ ಭೇದವೊಂದನ್ನು ಹೊತ್ತ ಧೂಮಪಾನಿಗಳು ಇತರ ಧೂಮಪಾನಿಗಳಿಗಿಂತ ದಿನಕ್ಕೆ ಸರಾಸರಿ ಒಂದು ಸಿಗರೇಟು ಹೆಚ್ಚು ಸೇದುತ್ತಾರೆ ಎಂಬುದು 2008ರಿಂದ ಈಚೆಗೆ ಮತ್ತೆ ಮತ್ತೆ ದೃಢಪಟ್ಟಿದೆ. ಈ ಭೇದ ಹುಟ್ಟಿನಲ್ಲಿಯೇ ಹಂಚಿಕೆಯಾಗುವುದರಿಂದ, ಬಡತನ, ವೃತ್ತಿ, ಆಹಾರ ಮುಂತಾದ ಗೊಂದಲಗಳನ್ನು ಬದಿಗಿರಿಸಿ, ಹೆಚ್ಚು ಸೇದುವುದರಿಂದ ಅಸ್ತಮಾ ಬರುತ್ತದೆಯೋ ಇಲ್ಲವೋ ಎಂಬುದನ್ನು ಪರೀಕ್ಷಿಸಲು ಅದನ್ನು ಬಳಸಿಕೊಳ್ಳಬಹುದು. ಹಲವು ದೇಶಗಳ ಅಧ್ಯಯನಗಳನ್ನು ಕೂಡಿಸಿ 2017ರಲ್ಲಿ ಹೀಗೆ ಮಾಡಿದಾಗ, ಹೆಚ್ಚು ಸೇದುವಂತೆ ಮಾಡುವ ರೂಪವಿದ್ದ ಧೂಮಪಾನಿಗಳಲ್ಲಿ ಅಸ್ತಮಾ ತುಸು ಹೆಚ್ಚಾಗಿಯೂ, ಪರಾಗದ ಅಲರ್ಜಿಯಿಂದ ಬರುವ ಸೀನು-ನೆಗಡಿ ತುಸು ಕಡಿಮೆಯಾಗಿಯೂ ಕಂಡಿತು. ಹೊಗೆಯು ಅಲರ್ಜಿಯ ದಾರಿಯಲ್ಲದೆ ಬೇರೆ ದಾರಿಯಿಂದಲೂ ಶ್ವಾಸನಾಳವನ್ನು ಕೆಡಿಸುತ್ತದೆ ಎಂಬ ಅಭಿಪ್ರಾಯಕ್ಕೆ ಇದು ಹೊಂದುತ್ತದೆ. ಧೂಮಪಾನಿ ಅಸ್ತಮಾ ರೋಗಿಗಳ ಕಫದಲ್ಲಿ ಅಲರ್ಜಿಗೆ ವಿಶಿಷ್ಟವಾದ ಇಯೊಸಿನೋಫಿಲ್ ಕಣಗಳಿಗಿಂತ ನ್ಯೂಟ್ರೋಫಿಲ್ ಕಣಗಳು ಹೆಚ್ಚಾಗಿರುವುದೂ ಇದನ್ನೇ ಹೇಳುತ್ತದೆ.

ಇಷ್ಟೆಲ್ಲ ತಿಳಿದ ಮೇಲೆ, ರಕ್ತದ ಒಂದು ಪರೀಕ್ಷೆ ಮಾಡಿ ‘ನಿಮಗೆ ಹೊಗೆ ಅಪಾಯ, ನಿಮಗಲ್ಲ’ ಎಂದು ವೈದ್ಯರು ಬೇರ್ಪಡಿಸಿ ಹೇಳಬಹುದೇ ಎಂಬ ಪ್ರಶ್ನೆ ಏಳುತ್ತದೆ. ಸಾಧ್ಯವಿಲ್ಲ. ವಂಶವಾಹಿ ಮತ್ತು ಪರಿಸರದ ಪರಸ್ಪರ ಪ್ರಭಾವವನ್ನು ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ನಂಬುವಂತೆ ಕಂಡುಹಿಡಿಯಬೇಕಾದರೆ, ಅಷ್ಟೇ ಗಾತ್ರದ ನೇರ ಪರಿಣಾಮವನ್ನು ಕಾಣಲು ಬೇಕಾಗುವುದಕ್ಕಿಂತ ಕನಿಷ್ಠ ನಾಲ್ಕು ಪಟ್ಟು ಹೆಚ್ಚು ಜನರು ಬೇಕು. ಚೀನಾದ ಆನ್‌ಚಿಂಗ್ ಪ್ರದೇಶದಲ್ಲಿ ಕೆಲವೇ ನೂರು ಜನರನ್ನು ಪರೀಕ್ಷಿಸಿ 2001ರಲ್ಲಿ ವರದಿಯಾದ ಅಧ್ಯಯನವೊಂದು, ಶ್ವಾಸನಾಳವನ್ನು ಸಡಿಲಿಸುವ ಸಾಲ್ಬ್ಯುಟಮಾಲ್ ಔಷಧಿ ಕೆಲಸ ಮಾಡುವ ಗ್ರಾಹಕದ ಒಂದು ರೂಪ ಹೊಂದಿದ ಧೂಮಪಾನಿಗಳಲ್ಲಿ ಅಸ್ತಮಾದ ಸಾಧ್ಯತೆ ಹಲವು ಪಟ್ಟು ಹೆಚ್ಚೆಂದು ಹೇಳಿತ್ತು. ಆದರೆ ಅಷ್ಟು ಸಣ್ಣ ಗುಂಪಿನಿಂದ ಹೊರಟ ಅಷ್ಟು ದೊಡ್ಡ ಅಂಕಿಯನ್ನು ಹಾಗೆಯೇ ನಂಬುವುದು ಜಾಣತನವಲ್ಲ. 2018ರಲ್ಲಿ 23,948 ರೋಗಿಗಳನ್ನೂ 1,18,538 ರೋಗವಿಲ್ಲದವರನ್ನೂ ಒಳಗೊಂಡ ಬೃಹತ್ ವಿಶ್ಲೇಷಣೆ ಅಸ್ತಮಾಕ್ಕೆ ಸಂಬಂಧಿಸಿದ 18 ಭಾಗಗಳನ್ನು ಗುರುತಿಸಿತಾದರೂ, ಅವುಗಳಲ್ಲಿ ಒಂದೊಂದರ ಪ್ರಭಾವವೂ ಅಲ್ಪ. ಇಡೀ ಡಿಎನ್‌ಎಯಲ್ಲಿ ಹೊಗೆಯೊಡನೆ ಮಾತ್ರ ಪ್ರಕಟವಾಗುವ ಭೇದಗಳನ್ನು ಹುಡುಕಿದ ಪ್ರಯತ್ನಗಳು ಕೆಲವು ಹೊಸ ಹೆಸರುಗಳನ್ನು ಕೊಟ್ಟಿವೆಯೇ ಹೊರತು, ಒಂದು ಕಡೆ ಕಂಡದ್ದು ಇನ್ನೊಂದು ಕಡೆ ಕಾಣದಿರುವುದೇ ಹೆಚ್ಚು. ಇದಕ್ಕೆ ಒಂದು ಕಾರಣ, ಡಿಎನ್‌ಎಯನ್ನು ಅತ್ಯಂತ ಖಚಿತವಾಗಿ ಓದುವ ಇಂಥ ಅಧ್ಯಯನಗಳು ಹೊಗೆಯನ್ನು ಅಳೆಯುವುದು ಬಹುತೇಕ ‘ಮನೆಯಲ್ಲಿ ಯಾರಾದರೂ ಸೇದುತ್ತಿದ್ದರೇ?’ ಎಂಬ ಒಂದು ಪ್ರಶ್ನೆಯಿಂದ.

ಭಾರತದ ಮಟ್ಟಿಗೆ ಈ ಕೊರತೆ ಇನ್ನೂ ದೊಡ್ಡದು. ಮೇಲೆ ಹೇಳಿದ ಬಹುಪಾಲು ಮಾಹಿತಿ ಯೂರೋಪು ಮೂಲದ ಜನರದು. ಮೈಸೂರಿನ ಸಂಶೋಧಕರು ಆಡಮ್33 ಎಂಬ ಅಸ್ತಮಾ ವಂಶವಾಹಿಯ ಭೇದಗಳನ್ನು ಕುರಿತು ಪ್ರಕಟಿಸಿದಂಥ ಕೆಲಸಗಳು ಇದ್ದರೂ ಅವು ಸಣ್ಣ ಪ್ರಮಾಣದವು. ಇಲ್ಲಿನ ಹೊಗೆಯೂ ಬೇರೆ. ತೂಬರೆ ಎಲೆಯಲ್ಲಿ ಸುತ್ತಿದ ಬೀಡಿ, ಸೌದೆ ಒಲೆ, ಊದುಬತ್ತಿ, ಸೊಳ್ಳೆಬತ್ತಿ ಇವೆಲ್ಲವೂ ಒಂದೇ ಮನೆಯ ಗಾಳಿಯಲ್ಲಿ ಬೆರೆಯುವ ನಾಡಿನಲ್ಲಿ, ಪ್ಯಾರಿಸ್ಸಿನ ಸಿಗರೇಟಿನ ಆಧಾರದ ಮೇಲೆ ಬರೆದ ಲೆಕ್ಕವನ್ನು ಹಾಗೆಯೇ ಅನ್ವಯಿಸುವುದು ಕಷ್ಟ. ಹುಣಸೂರು, ಪಿರಿಯಾಪಟ್ಟಣಗಳ ಸುತ್ತ ಸಿಗರೇಟಿನ ತಂಬಾಕನ್ನೂ ನಿಪ್ಪಾಣಿಯ ಸುತ್ತ ಬೀಡಿಯ ತಂಬಾಕನ್ನೂ ಬೆಳೆಯುವ, ಕರಾವಳಿಯಲ್ಲಿ ಮನೆಮನೆಯಲ್ಲಿ ಬೀಡಿ ಕಟ್ಟುವ ರಾಜ್ಯವೊಂದು ಈ ಪ್ರಶ್ನೆಯನ್ನು ತನ್ನದೇ ಆಗಿ ಕೇಳಿಕೊಳ್ಳದಿರುವುದು ಸೋಜಿಗ.

ವಂಶವಾಹಿಯ ಮಾತು ಬಂದೊಡನೆ ಕೇಳಿಬರುವ ಒಂದು ಸಮರ್ಥನೆಯಿದೆ: ಅಜ್ಜ ಎಂಬತ್ತು ವರ್ಷ ಬೀಡಿ ಸೇದಿಯೂ ಗಟ್ಟಿಮುಟ್ಟಾಗಿದ್ದರು, ಆದ್ದರಿಂದ ಆ ವಂಶದವರಿಗೆ ಹೊಗೆ ಒಗ್ಗುತ್ತದೆ ಎಂಬುದು. ಅಜ್ಜನಿಂದ ಮೊಮ್ಮಗನಿಗೆ ಬರುವುದು ಸರಾಸರಿ ಕಾಲು ಭಾಗದಷ್ಟು ಡಿಎನ್‌ಎ ಮಾತ್ರ, ಮತ್ತು ಆ ಕಾಲು ಭಾಗದಲ್ಲಿ ಯಾವುದು ಬಂದಿದೆ ಎಂಬುದು ಯಾರಿಗೂ ತಿಳಿದಿರುವುದಿಲ್ಲ ಎಂಬುದು ಈ ವಾದಕ್ಕೆ ಒಂದು ಉತ್ತರ. ಸೇದಿ ಬೇಗ ತೀರಿಕೊಂಡ ಅಜ್ಜಂದಿರನ್ನು ಯಾರೂ ಉದಾಹರಿಸುವುದಿಲ್ಲ ಎಂಬುದು ಇನ್ನೊಂದು. ವಂಶವಾಹಿ ಮತ್ತು ಹೊಗೆಯ ಸಂಬಂಧ ಅತ್ಯಂತ ಖಚಿತವಾಗಿ ತಿಳಿದಿರುವ ಸಂದರ್ಭವೊಂದು ಉಂಟು. ಸ್ವೀಡನ್ನಿನ ಲಾರೆಲ್ ಮತ್ತು ಎರಿಕ್ಸನ್ 1963ರಲ್ಲಿ ವರದಿ ಮಾಡಿದ ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ರಕ್ತದ ಪ್ರೋಟೀನಿನ ಕೊರತೆಯಲ್ಲಿ, ಶ್ವಾಸಕೋಶದ ಗಾಳಿಚೀಲಗಳು ಹರಿದು ಹಿಗ್ಗುವ ಎಂಫಿಸೀಮಾ ರೋಗ ಸೇದುವವರಿಗೆ ಸೇದದವರಿಗಿಂತ ಬಹಳ ಬೇಗ ಬರುತ್ತದೆ. ಅಲ್ಲಿಯೂ ತಳಿವಿಜ್ಞಾನ ತೋರಿಸಿದ್ದು ಹೊಗೆ ಯಾರಿಗೆ ಹೆಚ್ಚು ಹಾನಿಕರ ಎಂಬುದನ್ನು. ಯಾರಿಗೆ ನಿರಪಾಯ ಎಂಬುದನ್ನಲ್ಲ.

ಅಸ್ತಮಾ ಇದ್ದೂ ಸೇದುವವರ ಚಿಕಿತ್ಸೆಯ ಸಮಸ್ಯೆ ಈ ಚರ್ಚೆಯ ಅತ್ಯಂತ ವ್ಯಾವಹಾರಿಕ ಭಾಗ, ಮತ್ತು ಇಲ್ಲಿ ವಂಶವಾಹಿಗಿಂತ ಹೊಗೆಯೇ ಮೇಲುಗೈ. ಉರಿಯೂತ ತಗ್ಗಿಸಲು ಇನ್‌ಹೇಲರ್ ಮೂಲಕ ಕೊಡುವ ಸ್ಟೀರಾಯ್ಡ್ ಅಸ್ತಮಾ ಚಿಕಿತ್ಸೆಯ ಬೆನ್ನೆಲುಬು. ಗ್ಲಾಸ್ಗೋ ನಗರದ ವೈದ್ಯರು 2002 ಮತ್ತು 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಸೇದದ ರೋಗಿಗಳು ಇನ್‌ಹೇಲರ್‌ನಿಂದಲೂ ಪ್ರೆಡ್ನಿಸೊಲೋನ್ ಮಾತ್ರೆಯಿಂದಲೂ ಸುಧಾರಿಸಿದರೆ, ಸೇದುವ ರೋಗಿಗಳಲ್ಲಿ ಹೇಳಿಕೊಳ್ಳುವಂಥ ಸುಧಾರಣೆ ಕಾಣಲಿಲ್ಲ. ಜೀವಕೋಶದಲ್ಲಿ ಡಿಎನ್‌ಎಯು ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಕದಿರಿಗೆ ಸುತ್ತಿದ ನೂಲಿನಂತೆ ಸುತ್ತಿಕೊಂಡಿರುತ್ತದೆ. ಉರಿಯೂತ ಉಂಟಾದಾಗ ಕೆಲವು ಕಡೆ ಆ ಸುತ್ತು ಸಡಿಲಗೊಂಡು ಉರಿಯೂತದ ವಂಶವಾಹಿಗಳು ಚುರುಕಾಗುತ್ತವೆ, ಸ್ಟೀರಾಯ್ಡ್ ಎಚ್‌ಡಿಎಸಿ2 ಎಂಬ ಕಿಣ್ವವನ್ನು ಅಲ್ಲಿಗೆ ಕರೆತಂದು ಸುತ್ತನ್ನು ಮತ್ತೆ ಬಿಗಿಗೊಳಿಸುತ್ತದೆ. ಲಂಡನ್ನಿನ ಪೀಟರ್ ಬಾರ್ನ್ಸ್ ಮತ್ತು ಸಂಗಡಿಗರು ತೋರಿಸಿದಂತೆ ಸಿಗರೇಟಿನ ಹೊಗೆ ಈ ಕಿಣ್ವವನ್ನೇ ಕುಂದಿಸುವುದರಿಂದ, ಔಷಧಿ ತಲುಪಬೇಕಾದಲ್ಲಿಗೆ ತಲುಪಿಯೂ ಕೆಲಸ ಮಾಡಲಾರದು. ಇನ್‌ಹೇಲರ್ ‘ಹಿಡಿಯುತ್ತಿಲ್ಲ’ ಎಂದು ವೈದ್ಯರನ್ನು ಬದಲಿಸುತ್ತ ಹೋಗುವ ಅನೇಕ ರೋಗಿಗಳಿಗೆ ನಿಜವಾದ ಕಾರಣ ಜೇಬಿನಲ್ಲಿಯೇ ಇರುತ್ತದೆ.

ಭಾರತದಲ್ಲಿ ಇಂದಿಗೂ ಹೆಚ್ಚು ಬಳಕೆಯಲ್ಲಿರುವ, ಡೆರಿಫಿಲಿನ್ ಮುಂತಾದ ಮಾತ್ರೆಗಳಲ್ಲಿ ಇರುವ ಥಿಯೋಫಿಲಿನ್ ಔಷಧಿಯ ವಿಚಾರವೂ ಹೀಗೆಯೇ. ಇದನ್ನು ಯಕೃತ್ತಿನಲ್ಲಿ ಒಡೆಯುವ ಸಿವೈಪಿ1ಎ2 ಎಂಬ ಕಿಣ್ವವನ್ನು ಹೊಗೆಯಲ್ಲಿನ ಹೈಡ್ರೋಕಾರ್ಬನ್‌ಗಳು ಪ್ರಚೋದಿಸುತ್ತವೆ, ಮತ್ತು ಆ ಪ್ರಚೋದನೆಯ ಪ್ರಮಾಣ ಆ ಕಿಣ್ವದ ವಂಶವಾಹಿಯ ಭೇದದಿಂದ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತದೆ. ಹಾಗಾಗಿ ಸೇದುವವರ ದೇಹದಿಂದ ಔಷಧಿ ಬೇಗ ಹೊರಟುಹೋಗಿ, ಸಾಮಾನ್ಯ ಪ್ರಮಾಣ ಸಾಲದಾಗುತ್ತದೆ. ಸೇದುವುದನ್ನು ನಿಲ್ಲಿಸಿದ ಕೆಲವೇ ದಿನಗಳಲ್ಲಿ ಕಿಣ್ವ ತಣ್ಣಗಾಗಿ, ಅದೇ ಪ್ರಮಾಣ ಅತಿಯಾಗಿ ಎದೆಬಡಿತ, ವಾಕರಿಕೆ ಕಾಣಿಸಿಕೊಳ್ಳಬಹುದು. ಬಿಟ್ಟಿದ್ದರಿಂದಲೇ ಆರೋಗ್ಯ ಕೆಟ್ಟಿತೆಂದು ಭಾವಿಸಿ ಮತ್ತೆ ಬೀಡಿ ಹಚ್ಚುವ ಮುನ್ನ ವೈದ್ಯರಿಗೆ ತಿಳಿಸಿದರೆ ಮಾತ್ರೆಯ ಪ್ರಮಾಣವನ್ನು ಸರಿಪಡಿಸಬಹುದು.

ವಂಶವಾಹಿಯನ್ನು ಬದಲಾಯಿಸಲಾಗದು, ಗಾಳಿಯನ್ನು ಬದಲಾಯಿಸಬಹುದು. ಗ್ಲಾಸ್ಗೋದ ಅದೇ ತಂಡ 2006ರಲ್ಲಿ ವರದಿ ಮಾಡಿದಂತೆ, ಸೇದುವುದನ್ನು ಬಿಟ್ಟ ಅಸ್ತಮಾ ರೋಗಿಗಳು ಆರು ವಾರಗಳ ಬಳಿಕ ಒಂದು ಸೆಕೆಂಡಿನಲ್ಲಿ ಹೊರಹಾಕಬಲ್ಲ ಗಾಳಿಯ ಪ್ರಮಾಣ, ಸೇದುತ್ತಲೇ ಉಳಿದವರಿಗೆ ಹೋಲಿಸಿದರೆ ಸುಮಾರು 400 ಮಿಲಿಲೀಟರಿನಷ್ಟು ಸುಧಾರಿಸಿತ್ತು. ಕಫದಲ್ಲಿನ ನ್ಯೂಟ್ರೋಫಿಲ್‌ಗಳೂ ತಗ್ಗಿದ್ದವು. ಅಧ್ಯಯನ ಚಿಕ್ಕದು, ಬಿಟ್ಟವರು ಹತ್ತೇ ಮಂದಿ. ಆದರೆ ಯಾವ ಹೊಸ ಇನ್‌ಹೇಲರ್ ಕೂಡ ಸುಲಭವಾಗಿ ಕೊಡಲಾರದ ಲಾಭ ಅದು. ಭಾರತದಲ್ಲಿ 2016-17ರಲ್ಲಿ ನಡೆದ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಸೇದುವವರು ಶೇ. 10.7 ಮಾತ್ರ, ಆದರೆ ಮನೆಯಲ್ಲಿ ಇತರರ ಹೊಗೆಯನ್ನು ಉಸಿರಾಡುವ ವಯಸ್ಕರು ಶೇ. 38.7. ಮಕ್ಕಳು ಈ ಲೆಕ್ಕದಲ್ಲಿ ಸೇರಿಯೇ ಇಲ್ಲ. ಸಾರ್ವಜನಿಕ ಸ್ಥಳಗಳಲ್ಲಿ ಸೇದುವುದನ್ನು ನಿಷೇಧಿಸುವ ನಿಯಮ 2008ರ ಅಕ್ಟೋಬರ್ 2ರಿಂದ ಜಾರಿಯಲ್ಲಿದ್ದರೂ ಅದು ಮನೆಯ ಹೊಸ್ತಿಲನ್ನು ದಾಟುವುದಿಲ್ಲ. ಅಸ್ತಮಾ ಇರುವ ಮಗುವಿರುವ ಮನೆಯಲ್ಲಿ ಆ ನಿಯಮವನ್ನು ಮನೆಯವರೇ ಮಾಡಿಕೊಳ್ಳಬೇಕು. ಬಿಡಲು ನೆರವು ಬೇಕಾದವರಿಗೆ ರಾಷ್ಟ್ರೀಯ ತಂಬಾಕು ತ್ಯಜನ ಸಹಾಯವಾಣಿ 1800-11-2356 ಉಚಿತವಾಗಿ ಲಭ್ಯವಿದ್ದು, ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದ ಮೂಲಕ ಕನ್ನಡದಲ್ಲಿಯೂ ಸಲಹೆ ದೊರೆಯುತ್ತದೆ.